ಕಚೇರಿಯ ಬರವಣಿಗೆಯನ್ನು ಕಲಿತುದು



ವ್ಯವಹಾರ ಬರವಣಿಗೆಯ ತರಗತಿಗೆ ಸೇರಿದಾಗ, ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ ಇನ್ನೇನು ಕಲಿಯುವುದಿದೆಯೆಂಬ ಗರ್ವವು ನನ್ನಲ್ಲಿದ್ದಿತು. ಅದಕ್ಕೆ ಮುಂಚೆ ನಾಗಮಂಗಲದ ಕಡೆಯ ಬಾಲೆಯೊಬ್ಬಳ ವಿದ್ಯಾರ್ಥಿವೇತನಕ್ಕಾಗಿ ನಾನು ಬರೆದ ಬಿನ್ನಹವು ಮೂರು ಪುಟಗಳಷ್ಟಿತ್ತು; ಕೇಳಿದುದೇನೆಂಬುದು ಕೊನೆಯ ಸಾಲಿನಲ್ಲಿತ್ತು. ಅವಧಿ ಕಳೆದ ಮೇಲೆ ಅದು ಹಿಂದಿರುಗಿತು. ಹುಡುಗಿಯು ಒಂದು ವರ್ಷ ಮನೆಯಲ್ಲಿ ಕುಳಿತಳು. ತಪ್ಪು ನನ್ನದೇ.

ಕೋರಿಕೆಯು ಮೊದಲ ವಾಕ್ಯದಲ್ಲಿರತಕ್ಕದ್ದು. ಆಮೇಲೆ ಹೆಸರು, ತಾರೀಖು, ಮೊಬಲಗು. ಕಾರಣವು ಅದರ ಬೆನ್ನಿಗೆ. ಸ್ತೋತ್ರವು ಬೇಡ. ಇಷ್ಟನ್ನು ಕಲಿತು ಮರುವರ್ಷ ಅದೇ ಬಿನ್ನಹವನ್ನು ಹನ್ನೆರಡು ಸಾಲುಗಳಲ್ಲಿ ಬರೆದೆನು. ವೇತನವು ದೊರೆಯಿತು.

ಇದು ನಮ್ಮ ಸೀಮೆಗೆ ಹೊಸ ವಿದ್ಯೆಯೇನಲ್ಲ. ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರು (1673–1704) ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ ಅಠಾರಾ ಕಚೇರಿಯನ್ನು ಏರ್ಪಡಿಸಿದರು. ಹಿಂದಿನವರು ಲೆಕ್ಕಪತ್ರಗಳನ್ನು ಹುಣಿಸೆಬೀಜದ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆಯುತ್ತಿದ್ದರು. ಆ ಬಟ್ಟೆಯು ಹೋಯಿತು, ಹೆಸರು ಉಳಿಯಿತು. ಕಚೇರಿಯ ಕಾಗದಗಳ ಕಟ್ಟನ್ನು ಇಂದಿಗೂ ಕಡತವೆನ್ನುತ್ತೇವೆ.

ಈಗ ಹತ್ತನೆಯ ತರಗತಿಯವರು ಪ್ರತಿ ಶುಕ್ರವಾರ ಒಂದು ಅರ್ಜಿಯನ್ನು ಬರೆಯುತ್ತಾರೆ. ಕಳೆದ ವಾರದ್ದು, ಕೃಷ್ಣರಾಜಪೇಟೆಯ ಬಸ್ಸನ್ನು ಶಾಲೆಯ ಮುಂದೆ ನಿಲ್ಲಿಸಬೇಕೆಂಬುದು. ಮೊದಲ ವಾಕ್ಯದಲ್ಲಿಯೇ ಬಸ್ಸು ಬಂದು ನಿಂತಿತ್ತು.