ಹಳೆ ಬೈಕಿನ ಬ್ಯಾಟರಿಗೆ ಬೋರ್‌ವೆಲ್ ನೀರು ಯಾಕೆ ಬೇಡ?



ತಗ್ಗಿನ ಸೀಟು, ಎತ್ತರದ ಹ್ಯಾಂಡಲ್, ಕಾಲು ಮುಂದಕ್ಕೆ ಚಾಚಿ ಕೂರುವ ಬೈಕು ನೋಡಿದ್ದೀರಲ್ಲ? ಅದೇ ಕ್ರೂಸರ್. ನನ್ನ ಹತ್ತಿರ ಅಂಥದ್ದೊಂದು ಹಳೆಯದಿದೆ. ಒಮ್ಮೆ ಅದರ ಬ್ಯಾಟರಿಯಲ್ಲಿ ನೀರು ಕಡಿಮೆಯಾಗಿತ್ತು. ‘ನೀರು ನೀರೇ ತಾನೆ’ ಅಂತ ಬೋರ್‌ವೆಲ್ ನೀರು ಹಾಕಿಬಿಟ್ಟೆ. ಕೆಲವು ತಿಂಗಳಲ್ಲಿ ಸೆಲ್ಫ್ ಸ್ಟಾರ್ಟ್ ಕೈಕೊಟ್ಟಿತು. ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳಲ್ಲಿ ಇಳಿಯುವಾಗ ಹಾರ್ನ್ ಕೂಗಲೇ ಇಲ್ಲ. ತಿರುವಿನಲ್ಲಿ ಎದುರಿಗೇ ಲಾರಿ! ಅಂದು ಉಳಿದದ್ದು ನಿಧಾನವಾಗಿ ಹೋಗುತ್ತಿದ್ದುದರಿಂದ. ವಿಜ್ಞಾನದ ಮೇಷ್ಟ್ರು ಮಾಡಿದ ತಪ್ಪು ನೀವು ಮಾಡಬೇಡಿ.

ಒಳಗೆ ಏನಿದೆ?

12 ವೋಲ್ಟ್ ಬ್ಯಾಟರಿಯಲ್ಲಿ 6 ಕೋಶಗಳಿವೆ. ಒಂದೊಂದೂ ಸುಮಾರು 2 ವೋಲ್ಟ್. ಋಣ ಫಲಕ ಸೀಸ, ಧನ ಫಲಕ ಸೀಸದ ಡೈಆಕ್ಸೈಡ್. ನಡುವೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ವಿದ್ಯುತ್ ಕೊಡುವಾಗ:

ಸೀಸ + ಸೀಸದ ಡೈಆಕ್ಸೈಡ್ + ಸಲ್ಫ್ಯೂರಿಕ್ ಆಮ್ಲ → ಸೀಸದ ಸಲ್ಫೇಟ್ + ನೀರು

ಚಾರ್ಜ್ ಮಾಡಿದರೆ ಕ್ರಿಯೆ ಹಿಮ್ಮುಖವಾಗುತ್ತದೆ. ಬೈಕನ್ನು ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲಿಸಿದರೆ ಈ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ಚಾರ್ಜ್ ಸರಿಯಾಗಿ ಹಿಡಿಯೋದಿಲ್ಲ.

ನೀರು ಎಲ್ಲಿ ಹೋಗುತ್ತದೆ?

ಚಾರ್ಜ್ ತುಂಬುತ್ತಾ ಬಂದಾಗ ನೀರಿನ ವಿದ್ಯುದ್ವಿಭಜನೆಯಾಗಿ ಹೈಡ್ರೋಜನ್, ಆಕ್ಸಿಜನ್ ಹೊರಹೋಗುತ್ತವೆ. ಆಮ್ಲ ಒಳಗೇ ಉಳಿಯುತ್ತದೆ. ಆದ್ದರಿಂದ ಮತ್ತೆ ಹಾಕಬೇಕಾದದ್ದು ನೀರು ಮಾತ್ರ, ಆಮ್ಲವಲ್ಲ. ಅದೂ ಆಸವಿತ ನೀರೇ ಆಗಬೇಕು. ಬೋರ್‌ವೆಲ್ ನೀರಿನ ಕ್ಲೋರೈಡ್, ಕಬ್ಬಿಣದಂಥ ಕಲ್ಮಶಗಳು ಫಲಕಗಳನ್ನು ಹಾಳುಮಾಡುತ್ತವೆ. ಬೈಕು ಸುಮ್ಮನೆ ನಿಂತಿದ್ದರೂ ಚಾರ್ಜ್ ಇಳಿಯುತ್ತದೆ. ನೀರು ಆವಿಯಾದರೂ ಲವಣ ಹೋಗೋದಿಲ್ಲ, ಪ್ರತಿ ಸಲ ಇನ್ನಷ್ಟು ಸೇರುತ್ತದೆ.

ಎಚ್ಚರ!

ಮನೆಯಲ್ಲಿ ದೊಡ್ಡವರು ಈ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ನೀವೇ ಕೈಹಾಕಬೇಡಿ. ಆಮ್ಲ ಕಣ್ಣು, ಚರ್ಮ ಸುಡುತ್ತದೆ. ಹೈಡ್ರೋಜನ್ ಸ್ಫೋಟಿಸಬಹುದು, ಬೆಂಕಿಕಡ್ಡಿ ಗೀರಿ ಇಣುಕಬಾರದು. ಪೂರ್ತಿ ಮುಚ್ಚಿದ ಬ್ಯಾಟರಿಯನ್ನು ತೆರೆಯಲೇಬಾರದು.

ಮಾಡಿ ನೋಡಿ

ಎರಡು ಸ್ಟೀಲ್ ತಟ್ಟೆಗಳಲ್ಲಿ ಒಂದರಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಆಸವಿತ ನೀರು ಅಷ್ಟಷ್ಟೇ ಹಾಕಿ ಬಿಸಿಲಲ್ಲಿಡಿ. ನೀರು ಆರಿದ ಮೇಲೆ ಯಾವ ತಟ್ಟೆಯಲ್ಲಿ ಬಿಳಿ ಕಲೆ ಉಳಿಯಿತು?

ಯೋಚಿಸಿ

ಬ್ಯಾಟರಿ ಕಳಚುವಾಗ ಋಣ ಧ್ರುವದ ತಂತಿಯನ್ನೇ ಮೊದಲು ಬಿಚ್ಚುತ್ತಾರೆ. ಯಾಕೆ? ಸುಳಿವು: ಬೈಕಿನ ಲೋಹದ ಚೌಕಟ್ಟಿಗೆ ಸಾಮಾನ್ಯವಾಗಿ ಋಣ ಧ್ರುವವನ್ನೇ ಜೋಡಿಸಿರುತ್ತಾರೆ, ಸ್ಪ್ಯಾನರ್ ಕೂಡ ಲೋಹವೇ.