ಯುವನಿಧಿಯ ಮೂರು ಸಾವಿರ, ಟ್ಯಾಕ್ಸ್ ಆಫೀಸಿನ ಆರು ಸಾವಿರ

ಮೇಡಂ, ನಾನು ಕೊಪ್ಪ ತಾಲ್ಲೂಕಿನವಳು. 2024ರಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಕಾಂ. ಮುಗಿಸಿದೆ, ಫಸ್ಟ್ ಕ್ಲಾಸ್. ಬೆಂಗಳೂರಿನ ಇಂಟರ್‌ವ್ಯೂನಲ್ಲಿ ಟ್ಯಾಲಿ ತೆರೆದು ಒಂದು ಪರ್ಚೇಸ್ ಎಂಟ್ರಿ ಹಾಕಿ ಅಂದರು. ಜರ್ನಲ್ ಎಂಟ್ರಿ ಹಾಳೆಯ ಮೇಲೆ ಬರೆದವಳು ನಾನು, ಮೌಸ್ ಹಿಡಿದು ಸುಮ್ಮನೆ ಕೂತೆ. ಈಗ ಮನೆಯಲ್ಲಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ಯುವನಿಧಿ ಬರುತ್ತಿದೆ. ಕೊಪ್ಪದ ಒಬ್ಬ ಟ್ಯಾಕ್ಸ್ ಪ್ರಾಕ್ಟೀಷನರ್ ತಿಂಗಳಿಗೆ ಆರು ಸಾವಿರ ಕೊಡ್ತೀನಿ, ಬಾ ಅನ್ನುತ್ತಿದ್ದಾರೆ. ಹೋದರೆ ಯುವನಿಧಿ ನಿಲ್ಲುತ್ತದೆ. ತೋಟಕ್ಕೆ ಎಲೆಚುಕ್ಕಿ ಬಿದ್ದು ಫಸಲು ಅರ್ಧಕ್ಕಿಳಿದಿದೆ. ಅಪ್ಪಯ್ಯ ಮಾತ್ರ, ‘ಡಿಗ್ರಿ ಓದಿ ಆರು ಸಾವಿರದ ಚಾಕರಿಯಾ?’ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ

ಮೊದಲು ನಿಮ್ಮ ಅಪ್ಪಯ್ಯನ ಮಾತಿಗೆ ಬರುತ್ತೇನೆ. ಆರು ಸಾವಿರ ಕಡಿಮೆ ಎಂದು ಅವರು ಹೇಳುವುದು ನಿಜ. ರಾಜ್ಯದ ಕನಿಷ್ಠ ವೇತನಕ್ಕಿಂತಲೂ ಅದು ಕಡಿಮೆ. ಲೆಕ್ಕವನ್ನೂ ಹಾಕಿಬಿಡೋಣ, ಹೇಗೂ ನೀವು ಬಿ.ಕಾಂ. ನಿಮ್ಮ ಕಡೆ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಅಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. (1991ರಲ್ಲಿ ಕಾರ್ಮಿಕರೇ ಕಟ್ಟಿದ, ಮಲೆನಾಡಿನ ಮಕ್ಕಳನ್ನು ವರ್ಷಗಟ್ಟಲೆ ಶಾಲೆ ಕಾಲೇಜಿಗೆ ಮುಟ್ಟಿಸಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತೇ ಹೋಯಿತು. ಆ ನಷ್ಟ ಇಂಥ ಲೆಕ್ಕಗಳಲ್ಲಿ ಈಗಲೂ ಕಾಣುತ್ತದೆ.) ಬಸ್ಸಿಗೆ ಒಂದೂವರೆ ಸಾವಿರ ಹೋದರೆ ಉಳಿಯುವುದು ನಾಲ್ಕೂವರೆ. ಯುವನಿಧಿಯ ಮೂರು ಸಾವಿರಕ್ಕಿಂತ ಹೆಚ್ಚು ಸಿಗುವುದು ಬರೀ ಒಂದೂವರೆ ಸಾವಿರ.

ಆದರೂ ಹೋಗಿ ಎನ್ನುತ್ತೇನೆ. ಯುವನಿಧಿ ಹೆಚ್ಚೆಂದರೆ ಎರಡು ವರ್ಷ. ಕೆಲಸವಿಲ್ಲ ಎಂದು ನೀವೇ ಘೋಷಣೆ ಕೊಡುತ್ತಿದ್ದರೆ ಮಾತ್ರ ಬರುವ ಹಣ ಅದು. ಅದು ನಿಲ್ಲುವ ಹೊತ್ತಿಗೆ ನಿಮ್ಮ ಬಯೋಡೇಟಾದಲ್ಲಿ ಎರಡು ವರ್ಷ ಖಾಲಿ ಇರುತ್ತದೆ. ಎರಡನ್ನೂ ಇಟ್ಟುಕೊಳ್ಳೋಣ, ಯಾರಿಗೆ ಗೊತ್ತಾಗುತ್ತದೆ ಎಂದು ಯಾರಾದರೂ ಹೇಳಿಕೊಟ್ಟಾರು. ಬೇಡ. ಕೆಲಸಕ್ಕೆ ಸೇರಿದ ತಿಂಗಳೇ ಘೋಷಣೆ ನಿಲ್ಲಿಸಿ.

ಬೆಂಗಳೂರಿನವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಿಮ್ಮದು ರಾಷ್ಟ್ರೀಯ ಶಿಕ್ಷಣ ನೀತಿಯ ಮೊದಲ ಬ್ಯಾಚು. ಡಿಜಿಟಲ್ ಫ್ಲೂಯೆನ್ಸಿ ಎಂಬ ಹೆಸರಿನ ಪೇಪರನ್ನೇ ಪಾಸು ಮಾಡಿರುತ್ತೀರಿ. ಮೂರು ವರ್ಷದಲ್ಲಿ ಕಾಲೇಜಿನ ಕಂಪ್ಯೂಟರ್ ಎಷ್ಟು ಸಲ ಮುಟ್ಟಿದ್ದೀರಿ ಎಂದು ನೀವೇ ಬಲ್ಲಿರಿ. ಪದವಿ ಮುಗಿಸಿದ ಯುವಜನರಲ್ಲಿ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು ಕಾಲೇಜಿನಿಂದ ಹೊರಬಿದ್ದ ಕೂಡಲೇ ಉದ್ಯೋಗಕ್ಕೆ ಸಿದ್ಧರಿರುವುದಿಲ್ಲ ಎಂದು ಕೇಂದ್ರದ 2023-24ರ ಆರ್ಥಿಕ ಸಮೀಕ್ಷೆಯೇ ಬರೆದಿದೆ. ಹೀಗಾಗಿ ಇದು ನಿಮ್ಮೊಬ್ಬರ ಕೊರತೆಯಲ್ಲ. ಆದರೆ ಎಫ್‌ಡಿಎ ಗೈಡು ಇನ್ನೂ ಒಂದು ವರ್ಷ ಓದಿದರೂ ಈ ಕೊರತೆ ತುಂಬುವುದಿಲ್ಲ.

ಟ್ಯಾಕ್ಸ್ ಆಫೀಸಿನಲ್ಲಿ ತುಂಬುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ಮಂಡಿಗೂ ಹಾರ್ಡ್‌ವೇರ್ ಅಂಗಡಿಗೂ ಲೆಕ್ಕ ಬಲ್ಲವರು ಬೇಕಾಗಿದ್ದಾರೆ. ವ್ಯಾಪಾರಿಗಳು ತರುವ ಬಿಲ್ಲುಗಳು ಕನ್ನಡದಲ್ಲೂ ಇರುತ್ತವೆ, ಕೆಲವಂತೂ ಚೀಟಿಯಲ್ಲಿ ಗೀಚಿದವು. ಅವನ್ನು ಓದಿ, ತಪ್ಪು ಹಿಡಿದು, ಪೋರ್ಟಲ್ಲಿಗೆ ಏರಿಸಲು ನಿಮ್ಮಂಥವರೇ ಬೇಕು. ಅಲ್ಲಿ ನಿಮ್ಮ ಕನ್ನಡ ಮಾಧ್ಯಮ ಅಡ್ಡಿಯಾಗುವುದಿಲ್ಲ. ಇಂಗ್ಲಿಷನ್ನು ಜೊತೆಜೊತೆಗೇ ರೂಢಿಸಿಕೊಳ್ಳಿ, ಇಲಾಖೆಯಿಂದ ಬರುವ ನೋಟಿಸುಗಳನ್ನು ಓದಿ ಉತ್ತರ ಬರೆಯುವುದೇ ಒಳ್ಳೆಯ ಅಭ್ಯಾಸ.

ಆದರೆ ಸೇರುವ ಮೊದಲೇ ಷರತ್ತು ಮಾತಾಡಿಕೊಳ್ಳಿ. ಆರು ಸಾವಿರ ಆರು ತಿಂಗಳಿಗೆ ಮಾತ್ರ, ಆಮೇಲೆ ಹೆಚ್ಚಿಸಬೇಕು. ರಿಟರ್ನ್ ತುಂಬುವುದನ್ನು ಕಲಿಸಬೇಕು, ಜೆರಾಕ್ಸ್ ತರುವುದಕ್ಕೇ ಇಟ್ಟುಕೊಳ್ಳಬಾರದು. ಬಿಡುವಾಗ ಅನುಭವ ಪತ್ರ ಕೊಡಬೇಕು. ಒಪ್ಪದಿದ್ದರೆ ಬೇರೆ ಆಫೀಸು ಕೇಳಿ. ಹೆಣ್ಣುಮಗಳು ಸಂಬಳದ ಮಾತೆತ್ತಬಾರದು ಎಂಬ ಸಂಕೋಚ ಮಲೆನಾಡಿನಲ್ಲಿ ಇನ್ನೂ ಇದೆ. ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.

ಅಲ್ಲಿ ಕೆಲಸ ಮಾಡುತ್ತಲೇ ಅಪ್ರೆಂಟಿಸ್ ಅವಕಾಶಗಳತ್ತ ಕಣ್ಣಿಡಿ. ಕೇಂದ್ರದ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಇಂದೇ ಹೆಸರು ನೋಂದಾಯಿಸಿ. 2024ರಲ್ಲಿ ಕೆನರಾ ಬ್ಯಾಂಕ್ ತಿಂಗಳಿಗೆ 15,000 ರೂಪಾಯಿಯ ಮೇಲೆ 3,000 ಪದವೀಧರ ಅಪ್ರೆಂಟಿಸ್‌ಗಳನ್ನು ಕರೆದಿತ್ತು. ಲಿಖಿತ ಪರೀಕ್ಷೆ ಇರಲಿಲ್ಲ, ಪಿಯುಸಿ ಅಂಕದ ಮೇಲೆ ಪಟ್ಟಿ. ಸ್ಥಳೀಯ ಭಾಷೆ ಬರಲೇಬೇಕಿತ್ತು. ನೋಂದಣಿ ಇಲ್ಲದವರು ಅರ್ಜಿ ಹಾಕುವಂತೆಯೇ ಇರಲಿಲ್ಲ.

ಎಫ್‌ಡಿಎ ಓದು ಬಿಡಬೇಡಿ. ಆದರೆ ಅದೊಂದನ್ನೇ ನೆಚ್ಚಬೇಡಿ, ಅದರ ಅಧಿಸೂಚನೆಗೆ ಕಾದವರ ಸಾಲು ಉದ್ದವಿದೆ. ಅದೇ ಓದು ಗ್ರಾಮೀಣ ಬ್ಯಾಂಕಿನ ಪರೀಕ್ಷೆಗೂ ಅಷ್ಟಿಷ್ಟು ಒದಗುತ್ತದೆ. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಅದರ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇನ್ನೊಂದು ದಾರಿ ನಿಮ್ಮೂರಿನ ಸಹಕಾರ ಸಂಘ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಲೆಡ್ಜರೂ ತಿಳಿದು ಸಾಫ್ಟ್‌ವೇರೂ ಬಲ್ಲ ಊರಿನ ಹುಡುಗಿಯನ್ನು ಸಂಘದ ಕಾರ್ಯದರ್ಶಿಗಳು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಅಪ್ಪಯ್ಯನಿಗೆ ಹೀಗೆ ಹೇಳಿ ನೋಡಿ: ಇದು ನೌಕರಿಯಲ್ಲ, ಡಿಗ್ರಿಯ ನಾಲ್ಕನೆಯ ವರ್ಷ, ಫೀಸು ಅವರೇ ನನಗೆ ಕೊಡುತ್ತಾರೆ.

ಟ್ಯಾಕ್ಸ್ ಆಫೀಸಿಗೆ ಮಾತಾಡಲು ಹೋಗುವುದಿದ್ದರೆ ತಿಂಗಳ 20 ಕಳೆಯಲಿ. 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. ಅಲ್ಲಿಯವರೆಗೆ ಅವರಿಗೆ ಪುರುಸೊತ್ತಿರುವುದಿಲ್ಲ.