ಸಿಪ್ಲಾ: ಸ್ವದೇಶಿ ಔಷಧದಿಂದ ಏಡ್ಸ್ ಚಿಕಿತ್ಸೆಯವರೆಗೆ

ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದಿ ಬಂದ ರಾಷ್ಟ್ರೀಯವಾದಿ ವಿಜ್ಞಾನಿ ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಮುಂಬೈಯಲ್ಲಿ ಸಿಪ್ಲಾ ಸಂಸ್ಥೆಯನ್ನು ಸ್ಥಾಪಿಸಿದರು. ಪೂರ್ಣ ಹೆಸರು ಕೆಮಿಕಲ್, ಇಂಡಸ್ಟ್ರಿಯಲ್ ಅಂಡ್ ಫಾರ್ಮಾಸ್ಯುಟಿಕಲ್ ಲ್ಯಾಬೊರೇಟರೀಸ್. ಗಾಂಧೀಜಿ 1939ರಲ್ಲಿ ಇಲ್ಲಿಗೆ ಭೇಟಿ ನೀಡಿದ್ದರು.

ಪರೀಕ್ಷೆಯ ದೃಷ್ಟಿಯಿಂದ ಸಿಪ್ಲಾದ ಕಥೆಯಲ್ಲಿ ಮುಖ್ಯವಾದದ್ದು ಪೇಟೆಂಟ್ ಕಾನೂನು. ರಾಜಗೋಪಾಲ ಅಯ್ಯಂಗಾರ್ ಸಮಿತಿಯ 1959ರ ವರದಿ 1970ರ ಪೇಟೆಂಟ್ ಕಾಯ್ದೆಗೆ ಬುನಾದಿಯಾಯಿತು. ಕಾಯ್ದೆ ಜಾರಿಯಾದದ್ದು 1972ರಲ್ಲಿ. ಔಷಧಕ್ಕೆ ಉತ್ಪನ್ನ ಪೇಟೆಂಟ್ ಇಲ್ಲ, ತಯಾರಿಕಾ ವಿಧಾನಕ್ಕೆ ಮಾತ್ರ ಎಂಬುದು ಅದರ ತಿರುಳು. ಹೀಗಾಗಿ ಅದೇ ಔಷಧವನ್ನು ಬೇರೆ ವಿಧಾನದಲ್ಲಿ ತಯಾರಿಸಿ ಅಗ್ಗವಾಗಿ ಮಾರಲು ಭಾರತೀಯ ಕಂಪನಿಗಳಿಗೆ ದಾರಿ ತೆರೆಯಿತು. ಈ ಒಂದು ಅಂಶ ಅರ್ಥವಾದರೆ ಭಾರತ ಜೆನೆರಿಕ್ ಔಷಧಗಳ ದೊಡ್ಡ ಪೂರೈಕೆದಾರನಾದದ್ದು ಹೇಗೆಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಅದರ ಫಲ ಜಗತ್ತಿಗೆ ಕಂಡದ್ದು 2001ರಲ್ಲಿ. ಆಗ ಪಾಶ್ಚಾತ್ಯ ದೇಶಗಳಲ್ಲಿ ಎಚ್‌ಐವಿ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್‌ಗೂ ಹೆಚ್ಚು ಖರ್ಚಾಗುತ್ತಿತ್ತು. ಹಮೀದರ ಮಗ, ಆಗ ಸಿಪ್ಲಾದ ಮುಖ್ಯಸ್ಥರಾಗಿದ್ದ ಯೂಸುಫ್ ಹಮೀದ್, ಮೂರು ಔಷಧಗಳ ಚಿಕಿತ್ಸೆಯನ್ನು ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಗೆ ವರ್ಷಕ್ಕೆ 350 ಡಾಲರ್‌ಗೆ, ಅಂದರೆ ದಿನಕ್ಕೆ ಒಂದು ಡಾಲರ್‌ಗೂ ಕಡಿಮೆಗೆ ಕೊಡಲು ಮುಂದಾದರು. ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಮೂರೂ ಸೇರಿದ ಮಾತ್ರೆಯ ಹೆಸರು ಟ್ರಯೊಮ್ಯೂನ್. ಭಾರತೀಯ ಉದ್ಯಮವೊಂದು ಮಾನವಕುಲಕ್ಕೆ ಮಾಡಿದ ಅತಿ ದೊಡ್ಡ ಉಪಕಾರಗಳಲ್ಲಿ ಇದೂ ಒಂದು. ಆಫ್ರಿಕಾದಲ್ಲಿ ಬಡವರ ಕೈಗೆ ಔಷಧ ಎಟುಕಲು ದಾರಿಯಾಯಿತು.

ಬೌದ್ಧಿಕ ಆಸ್ತಿ ಕುರಿತ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದಕ್ಕೆ ಅನುಗುಣವಾಗಿ 2005ರಲ್ಲಿ ಭಾರತ ಉತ್ಪನ್ನ ಪೇಟೆಂಟನ್ನು ಮರಳಿ ತಂದಿತು. ಅದೇ ವರ್ಷ ಯೂಸುಫ್ ಹಮೀದರಿಗೆ ಪದ್ಮಭೂಷಣ ಸಂದಿತು.